ಜ್ವರ ಬಿಟ್ಟ ದಿನವೇ ಯಾಕೆ ಹೆಚ್ಚು ಜೋಪಾನ? ಡೆಂಗಿಯನ್ನು ಬುಡದಿಂದ ತಿಳಿಯೋಣ

ನಾಲ್ಕು ದಿನದಿಂದ ಮಗುವಿಗೆ 103 ಡಿಗ್ರಿ ಜ್ವರ. ಮನೆಯವರಿಗೆಲ್ಲ ನಿದ್ದೆಯಿಲ್ಲ. ಐದನೇ ದಿನ ಬೆಳಿಗ್ಗೆ ಹಣೆ ಮುಟ್ಟಿ ನೋಡಿದರೆ ತಣ್ಣಗಿದೆ. ಥರ್ಮಾಮೀಟರ್ ಇಟ್ಟರೆ 99. ‘ಸದ್ಯ, ಜ್ವರ ಬಿಡ್ತು’ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ಬೇರೆ ಜ್ವರಗಳಲ್ಲಿ ಹೀಗೆ ಉಸಿರು ಬಿಡುವುದು ಸರಿಯೇ. ಡೆಂಗಿಯಲ್ಲಿ ಮಾತ್ರ ನಿಜವಾಗಿ ಕಣ್ಣಿಟ್ಟು ಕಾಯಬೇಕಾದ ಹೊತ್ತು ಆಗ ಶುರುವಾಗುತ್ತದೆ.

ನನ್ನ ಅಕ್ಕನ ಮಗನಿಗೆ ಡೆಂಗಿ ಬಂದಾಗ ನಮಗೂ ಇದು ಗೊತ್ತಿರಲಿಲ್ಲ. ಬೆಳಿಗ್ಗೆ ಜ್ವರ ಬಿಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು ಎಂದು ಮುದುಡಿಕೊಂಡು ಮಲಗಿದ. ಸಂಜೆ ಕೈಕಾಲು ಹಿಡಿದು ನೋಡಿದರೆ ತಣ್ಣಗೆ, ಬೆವರಿನಿಂದ ಒದ್ದೆ. ಬೆಳಿಗ್ಗೆಯಿಂದ ಒಂದು ಸಲವೂ ಮೂತ್ರಕ್ಕೆ ಹೋಗಿಲ್ಲ ಅನ್ನುವುದು ಅಕ್ಕನಿಗೆ ಆಗ ಹೊಳೆಯಿತು. ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿದ ಮೇಲೆ ಎರಡು ದಿನದಲ್ಲಿ ಎದ್ದು ಕೂತ. ಅವತ್ತು ಒಳಗೆ ಏನಾಗುತ್ತಿತ್ತು ಎಂದು ಗೊತ್ತಿದ್ದಿದ್ದರೆ ಇನ್ನೂ ಬೇಗ ಹೊರಡುತ್ತಿದ್ದೆವು. ಮಳೆಗಾಲ ಬಂದಾಗಲೆಲ್ಲ ಮನೆಮನೆಯಲ್ಲೂ ಇದೇ ಗೊಂದಲ ಆಗುತ್ತದೆ. ಅದಕ್ಕೇ ಇದನ್ನು ಮೊದಲಿನಿಂದ ಬಿಡಿಸಿ ಹೇಳುತ್ತೇನೆ.

ಡೆಂಗಿ ಅಂದರೆ ಏನು?

ಡೆಂಗಿ ಒಂದು ವೈರಸ್‌ನಿಂದ ಬರುವ ಜ್ವರ. ಕೆಲವರು ಡೆಂಗ್ಯೂ ಎನ್ನುತ್ತಾರೆ, ಎರಡೂ ಒಂದೇ. ಕೆಮ್ಮಿದರೆ, ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಇದು ಹರಡುವುದಿಲ್ಲ. ಒಬ್ಬರ ರಕ್ತದಿಂದ ಇನ್ನೊಬ್ಬರ ರಕ್ತಕ್ಕೆ ವೈರಸ್ಸನ್ನು ಸಾಗಿಸಲು ಸೊಳ್ಳೆ ಬೇಕು. ಮುಖ್ಯವಾಗಿ ಈಡಿಸ್ ಈಜಿಪ್ಟೈ ಅನ್ನುವ ಸೊಳ್ಳೆ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿ ಪಟ್ಟೆ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು.

ಸೋಂಕು ತಗುಲಿದ ಎಲ್ಲರಿಗೂ ಕಾಯಿಲೆ ಕಾಣಿಸಿಕೊಳ್ಳುವುದಿಲ್ಲ. ಹೆಚ್ಚಿನವರಿಗೆ ಗೊತ್ತೇ ಆಗದೆ ಬಂದು ಹೋಗುತ್ತದೆ. ಕಾಣಿಸಿಕೊಂಡರೆ, ಸೊಳ್ಳೆ ಕಚ್ಚಿ 4ರಿಂದ 10 ದಿನದೊಳಗೆ ಜ್ವರ ಬರುತ್ತದೆ. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆನೋವು, ಕಣ್ಣಿನ ಗುಡ್ಡೆಯ ಹಿಂದೆ ಎಳೆದಂಥ ನೋವು, ಮೈಕೈ ಮುರಿದು ಹಾಕಿದಂಥ ನೋವು, ವಾಕರಿಕೆ, ಮೈಮೇಲೆ ಕೆಂಪು ದದ್ದು. ಶೀತ, ಸೀನು, ಮೂಗು ಸೋರುವುದು ಸಾಮಾನ್ಯವಾಗಿ ಜಾಸ್ತಿ ಇರುವುದಿಲ್ಲ.

ಮಳೆಗಾಲದಲ್ಲೇ ಯಾಕೆ?

ಈ ಸೊಳ್ಳೆಗೆ ಕೊಳಚೆ ಬೇಕಾಗಿಲ್ಲ. ಚರಂಡಿ ನೋಡಿ ಮೂಗು ಮುಚ್ಚಿಕೊಳ್ಳುವ ನಾವು ಡೆಂಗಿ ಅಲ್ಲಿಂದಲೇ ಬರುತ್ತದೆ ಅಂದುಕೊಳ್ಳುತ್ತೇವೆ. ಈಡಿಸ್‌ಗೆ ಇಷ್ಟವಾಗುವುದು ಪಾತ್ರೆಯಲ್ಲಿ ನಿಂತ, ಸಾಕಷ್ಟು ತಿಳಿಯಾದ ನೀರು. ಮಳೆ ಬಂದರೆ ಟೈರು, ಒಡೆದ ಮಗ್ಗು, ಟಾರ್ಪಾಲಿನ ಮಡಿಕೆ, ಹೂಕುಂಡದ ತಟ್ಟೆ, ತಾರಸಿಯ ಮೂಲೆ ಹೀಗೆ ನೂರು ಕಡೆ ಅಂಥ ನೀರು ನಿಲ್ಲುತ್ತದೆ. ಜೊತೆಗೆ ಬೆಚ್ಚಗಿನ, ತೇವದ ಹವೆ. ಬಿಸಿ ಇದ್ದಷ್ಟೂ ಸೊಳ್ಳೆ ಬೇಗ ಬೆಳೆಯುತ್ತದೆ, ಅದರ ಹೊಟ್ಟೆಯೊಳಗೆ ವೈರಸ್ಸೂ ಬೇಗ ಹೆಚ್ಚುತ್ತದೆ.

ಹಾಗಂತ ಮಳೆ ಇಲ್ಲದಿದ್ದರೆ ಡೆಂಗಿ ಇಲ್ಲ ಎನ್ನುವ ಹಾಗಿಲ್ಲ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಕಡೆ ಜನ ಡ್ರಮ್ಮು, ಬಕೆಟ್ಟು, ತೊಟ್ಟಿ ತುಂಬಿಸಿಡುತ್ತಾರೆ. ಮುಚ್ಚಳ ಇಲ್ಲದ ಡ್ರಮ್ಮು ಬೇಸಿಗೆಯಲ್ಲೂ ಸೊಳ್ಳೆಯ ತೊಟ್ಟಿಲು.

ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಬೆಳಿಗ್ಗೆ ಬಿಸಿಲೇರುವ ಮೊದಲ ಒಂದೆರಡು ಗಂಟೆ, ಸಂಜೆ ಹೊತ್ತು ಮುಳುಗುವ ಮುಂಚಿನ ಒಂದೆರಡು ಗಂಟೆ ಇದರ ಹಾವಳಿ ಜಾಸ್ತಿ. ರಾತ್ರಿ ಮಾತ್ರ ಸೊಳ್ಳೆ ಪರದೆ ಕಟ್ಟಿ, ಮಧ್ಯಾಹ್ನ ಮಲಗುವ ಕೂಸನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ಒಳಗೆ ಏನಾಗುತ್ತದೆ: ಮೂರು ಹಂತ

ಜ್ವರ ಶುರುವಾದ ದಿನವನ್ನು ಒಂದನೇ ದಿನ ಎಂದು ಲೆಕ್ಕ ಇಡಿ. ಕ್ಯಾಲೆಂಡರ್ ಮೇಲೆ ಪೆನ್ನಿನಿಂದ ಗುರುತು ಹಾಕಿದರೆ ಒಳ್ಳೆಯದು. ಡೆಂಗಿಯಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಇವತ್ತಿಗೆ ಎಷ್ಟನೇ ದಿನ?’ ಅನ್ನುವುದೇ.

ಮೊದಲ ಹಂತ ಜ್ವರದ್ದು. ಎರಡರಿಂದ ಏಳು ದಿನ ಇರಬಹುದು. ವೈರಸ್ ರಕ್ತದಲ್ಲಿ ತುಂಬಿರುತ್ತದೆ, ದೇಹ ಅದರ ಜೊತೆ ಕಾದಾಡುತ್ತಿರುತ್ತದೆ. ಮೈ ಸುಡುತ್ತದೆ, ನೋವಿರುತ್ತದೆ, ಊಟ ಸೇರುವುದಿಲ್ಲ. ನೋಡಲು ಭಯವಾದರೂ ಜೀವಕ್ಕೆ ಅಪಾಯ ಈ ಹಂತದಲ್ಲಿ ಕಡಿಮೆ.

ಎರಡನೆಯದೇ ಕಷ್ಟದ ಹಂತ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಜ್ವರ 100 ಡಿಗ್ರಿ ಆಸುಪಾಸಿಗೆ ಇಳಿಯುವ ಹೊತ್ತಿಗೆ ಬರುತ್ತದೆ. ಎಲ್ಲರಿಗೂ ಇದು ಜೋರಾಗುವುದಿಲ್ಲ. ಹೆಚ್ಚಿನವರು ಜ್ವರ ಬಿಟ್ಟ ಮೇಲೆ ನೇರವಾಗಿ ಸುಧಾರಿಸುತ್ತಾರೆ. ಕೆಲವರಲ್ಲಿ ಮಾತ್ರ ಇನ್ನೊಂದು ತೊಂದರೆ ಶುರುವಾಗುತ್ತದೆ.

ನಮ್ಮ ರಕ್ತದಲ್ಲಿ ಕಣಗಳಿವೆ, ಅವು ತೇಲಾಡುವ ನೀರಿನಂಥ ದ್ರವ ಇದೆ. ಆ ದ್ರವದ ಹೆಸರು ಪ್ಲಾಸ್ಮಾ. ರಕ್ತನಾಳವನ್ನು ತೋಟಕ್ಕೆ ನೀರು ಬಿಡುವ ಪೈಪು ಅಂದುಕೊಳ್ಳಿ. ಡೆಂಗಿ ಕಷ್ಟಕ್ಕೆ ತಿರುಗಿದಾಗ ಸಣ್ಣ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಪೈಪು ಒಡೆಯುವುದಿಲ್ಲ, ಬಟ್ಟೆಯ ಪೈಪಿನ ಹಾಗೆ ಜಿನುಗತೊಡಗುತ್ತದೆ. ಕಣಗಳು ಒಳಗೇ ಉಳಿಯುತ್ತವೆ, ದ್ರವ ಹೊರಗೆ ಸೋರುತ್ತದೆ. ಸೋರಿದ ದ್ರವ ಹೊಟ್ಟೆಯಲ್ಲಿ, ಎದೆಗೂಡಿನಲ್ಲಿ ಸೇರಿಕೊಳ್ಳುತ್ತದೆ. ಹೊಟ್ಟೆ ಉಬ್ಬರಿಸುವುದು, ಉಸಿರಾಟ ಭಾರವಾಗುವುದು ಇದರಿಂದಲೂ ಆಗುತ್ತದೆ.

ಪೈಪಿನೊಳಗೆ ನೀರು ಕಡಿಮೆಯಾದರೆ ಒತ್ತಡ ಬೀಳುತ್ತದೆ. ಮೆದುಳಿಗೆ, ಹೃದಯಕ್ಕೆ ರಕ್ತ ತಪ್ಪಬಾರದು ಅಂತ ದೇಹ ಕೈಕಾಲಿನ ಕಡೆಯ ರಕ್ತವನ್ನು ಕಡಿಮೆ ಮಾಡುತ್ತದೆ. ಅದಕ್ಕೇ ಕೈಕಾಲು ತಣ್ಣಗಾಗುವುದು. ಮೂತ್ರಪಿಂಡವೂ ನೀರು ಉಳಿಸಲು ನೋಡುತ್ತದೆ, ಅದಕ್ಕೇ ಮೂತ್ರ ಕಡಿಮೆ. ಇಷ್ಟಾದರೂ ಮಗು ಮಾತಾಡುತ್ತಲೇ ಇರಬಹುದು, ಮೈ ತಣ್ಣಗಿರುವುದರಿಂದ ‘ವಾಸಿಯಾಯ್ತು’ ಅನ್ನಿಸಬಹುದು. ಡೆಂಗಿ ನಮ್ಮ ಕಣ್ಣಿಗೆ ಮಣ್ಣೆರಚುವುದು ಇಲ್ಲೇ.

ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಮಾತ್ರ ಇರುತ್ತದೆ. ಆ ಹೊತ್ತನ್ನು ದಾಟಿಸಿದರೆ ಮುಗಿಯಿತು, ರಕ್ತನಾಳ ತಾನೇ ಸರಿಯಾಗುತ್ತದೆ. ಆಸ್ಪತ್ರೆಯಲ್ಲಿ ಮಾಡುವ ಮುಖ್ಯ ಚಿಕಿತ್ಸೆಯೂ ಅದೇ: ಸೋರಿದಷ್ಟು ದ್ರವವನ್ನು ಅಳತೆಯಲ್ಲಿ ಡ್ರಿಪ್ ಮೂಲಕ ತುಂಬುತ್ತಾ, ಗಂಟೆಗಂಟೆಗೂ ನಾಡಿ, ಬಿಪಿ, ಮೂತ್ರ ನೋಡುತ್ತಾ ದಾಟಿಸುವುದು. ವೈರಸ್ಸನ್ನು ಕೊಲ್ಲುವ ಔಷಧಿ ಡೆಂಗಿಗೆ ಬಳಕೆಯಲ್ಲಿಲ್ಲ.

ಮೂರನೆಯದು ಚೇತರಿಕೆ. ಹೊರಗೆ ಸೋರಿದ ದ್ರವ ಮರಳಿ ರಕ್ತಕ್ಕೆ ಸೇರುತ್ತದೆ, ಹಸಿವು ಬರುತ್ತದೆ, ಮೂತ್ರ ಚೆನ್ನಾಗಿ ಹೋಗುತ್ತದೆ. ಕೈಕಾಲು ತುಂಬ ನವೆಯಾಗಬಹುದು, ಕೆಂಪಾದ ಚರ್ಮದ ನಡುವೆ ಬಿಳಿ ಬಿಳಿ ಚುಕ್ಕೆ ಉಳಿದ ಹಾಗೆ ದದ್ದು ಕಾಣಬಹುದು. ಆಗಲೂ ‘ನಿಶ್ಶಕ್ತಿ ಇದೆ, ಇನ್ನೆರಡು ಬಾಟಲಿ ಗ್ಲೂಕೋಸ್ ಹಾಕಿ’ ಎಂದು ವೈದ್ಯರ ಮೇಲೆ ಒತ್ತಡ ತರಬೇಡಿ. ದ್ರವ ತಾನಾಗಿ ಮರಳುತ್ತಿರುವಾಗ ಮೇಲಿಂದ ಮೇಲೆ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಇದೆ. ಸುಸ್ತು ಹಲವು ವಾರ ಇರಬಹುದು, ದೊಡ್ಡವರಿಗೆ ಇನ್ನೂ ಜಾಸ್ತಿ.

ಪ್ಲೇಟ್‌ಲೆಟ್ ಸಂಖ್ಯೆಯ ಭಯ

ಡೆಂಗಿ ಎಂದರೆ ಎಲ್ಲರೂ ಕೇಳುವುದು ‘ಪ್ಲೇಟ್‌ಲೆಟ್ ಎಷ್ಟಿದೆ?’ ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪುಟ್ಟ ಕಣಗಳು ಇವು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಡೆಂಗಿಯಲ್ಲಿ ಎರಡು ಕಡೆಯಿಂದ ಏಟು ಬೀಳುತ್ತದೆ. ಮೂಳೆ ಮಜ್ಜೆಯಲ್ಲಿ ಹೊಸ ಕಣಗಳ ತಯಾರಿ ಕೆಲವು ದಿನ ಮಂದವಾಗುತ್ತದೆ, ಇರುವ ಕಣಗಳೂ ಬೇಗ ನಾಶವಾಗುತ್ತವೆ.

ಸಂಖ್ಯೆ ಇಳಿಯುವುದು ಕಷ್ಟದ ಹಂತ ಹತ್ತಿರ ಬಂತು ಅನ್ನುವ ಸೂಚನೆ. ಅಷ್ಟರ ಮಟ್ಟಿಗೆ ಅದು ಮುಖ್ಯ. ಆದರೆ ಆ ಸಂಖ್ಯೆಯೊಂದನ್ನೇ ಹಿಡಿದು ಕೂತರೆ ದ್ರವ ಸೋರುತ್ತಿರುವುದು ಗಮನಕ್ಕೆ ಬರುವುದಿಲ್ಲ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಸೋರಿಕೆಯಿಂದ ಆಗುವ ಆಘಾತದಿಂದ (ಶಾಕ್), ಅಂದರೆ ಬಿಪಿ ಕುಸಿದು ಅಂಗಗಳಿಗೆ ರಕ್ತ ಸಾಲದೆ ಹೋಗುವುದರಿಂದ.

ರಿಪೋರ್ಟಿನಲ್ಲಿ ಇನ್ನೊಂದು ಸಾಲು ಇರುತ್ತದೆ: ಹೆಮಟೋಕ್ರಿಟ್. ಪಿಸಿವಿ ಎಂದೂ ಬರೆದಿರುತ್ತಾರೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎನ್ನುವ ಲೆಕ್ಕ ಅದು. ಬಣ್ಣದ ಡಬ್ಬಿಯಲ್ಲಿ ನೀರು ಆರಿದರೆ ಬಣ್ಣ ಮಂದವಾಗುತ್ತದಲ್ವಾ? ಹಾಗೆಯೇ ಪ್ಲಾಸ್ಮಾ ಸೋರಿದರೆ ರಕ್ತ ಮಂದವಾಗಿ ಹೆಮಟೋಕ್ರಿಟ್ ಏರುತ್ತದೆ. ಪ್ಲೇಟ್‌ಲೆಟ್ ಸರ್ರನೆ ಇಳಿಯುತ್ತಾ ಹೆಮಟೋಕ್ರಿಟ್ ಏರುತ್ತಿದ್ದರೆ ಅದನ್ನು ಅಪಾಯದ ಗುರುತು ಎಂದು ವೈದ್ಯರು ನೋಡುತ್ತಾರೆ. ಮುಂದಿನ ಸಲ ರಿಪೋರ್ಟ್ ಕೈಗೆ ಬಂದಾಗ ಆ ಸಾಲಿನ ಬಗ್ಗೆಯೂ ಕೇಳಿ.

ಹಾಗಾದರೆ ಸಂಖ್ಯೆ ಇಳಿದ ತಕ್ಷಣ ಪ್ಲೇಟ್‌ಲೆಟ್ ಹಾಕಿಸಬೇಕಾ? ಸಿಂಗಾಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಇದನ್ನೇ ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೂ ರಕ್ತಸ್ರಾವ ಜೋರಾಗಿರದ ವಯಸ್ಕರಲ್ಲಿ ಕೆಲವರಿಗೆ ಪ್ಲೇಟ್‌ಲೆಟ್ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಪ್ಲೇಟ್‌ಲೆಟ್ ಪಡೆದವರಲ್ಲಿ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚಿತ್ತು. ಕಾಯಿಲೆ ಇಳಿದಂತೆ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ಜೋರಾಗಿ ರಕ್ತ ಹೋಗುತ್ತಿದ್ದರೆ ಮಾತು ಬೇರೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಪಪ್ಪಾಯಿ ಎಲೆಯ ರಸ ಕುಡಿದದ್ದಕ್ಕೇ ಏರಿತು ಎಂದು ಹೇಳುವವರಿದ್ದಾರೆ. ಅವರು ಕುಡಿದ ಹೊತ್ತಿಗೆ ಅದು ಹೇಗೂ ಏರುವ ದಿನ ಬಂದಿರುತ್ತದೆ.

ಯಾವ ಟೆಸ್ಟ್ ಯಾವಾಗ?

ಜ್ವರದ ಮೊದಲ ಐದು ದಿನದಲ್ಲಿ ಎನ್‌ಎಸ್1 ಟೆಸ್ಟ್. ಇದು ವೈರಸ್ಸಿನದೇ ಒಂದು ಪ್ರೋಟೀನನ್ನು ಹುಡುಕುತ್ತದೆ. ಐದು ದಿನ ದಾಟಿದ ಮೇಲೆ ಐಜಿಎಂ ಟೆಸ್ಟ್, ಇದು ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ತಪ್ಪು ದಿನ ತಪ್ಪು ಟೆಸ್ಟ್ ಮಾಡಿಸಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಎನ್‌ಎಸ್1 ನೆಗೆಟಿವ್ ಬಂದಿತೆಂದು ಸುಮ್ನೆ ಕೂರಬೇಡಿ, ಲಕ್ಷಣ ಇದ್ದರೆ ಡೆಂಗಿ ಎಂದೇ ತಿಳಿದು ನೋಡಿಕೊಳ್ಳಿ.

ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಮಗುವಾದರೆ ತೂಕ ನೋಡಿ ವೈದ್ಯರು ಹೇಳಿದ ಅಳತೆ. ಎರಡು ಡೋಸಿನ ನಡುವೆ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಜ್ವರ ಪೂರ್ತಿ ಬಿಡಲಿಲ್ಲ ಎಂದು ಮತ್ತೆ ಮತ್ತೆ ಕೊಟ್ಟರೆ ಯಕೃತ್ತಿಗೆ ಪೆಟ್ಟು. ಡೆಂಗಿ ಯಕೃತ್ತನ್ನು ಮೊದಲೇ ನೋಯಿಸಿರುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ.

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಫೆನಮಿಕ್ ಆಸಿಡ್ ಇರುವ ಮಾತ್ರೆ, ಸಿರಪ್ ಕೊಡಲೇಬೇಡಿ. ಇವು ಹೊಟ್ಟೆಯೊಳಗೆ ರಕ್ತಸ್ರಾವ ತರಬಹುದು. ಇಲ್ಲಿ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುವುದು ಮುಖ್ಯ. ಕೆಲವು ಜ್ವರದ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಐಬುಪ್ರೊಫೆನ್ ಕೂಡ ಸೇರಿರುತ್ತದೆ. ಮನೆಯಲ್ಲಿ ಹಿಂದಿನ ಸಲ ಉಳಿದದ್ದನ್ನು ತೆಗೆದು ಕೊಡುವಾಗಲೇ ಈ ಎಡವಟ್ಟು ಆಗುವುದು. ಆಂಟಿಬಯೋಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಸೊಂಟಕ್ಕೆ ಚುಚ್ಚುವ ಜ್ವರದ ಇಂಜೆಕ್ಷನ್ನೂ ಬೇಡ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ಚುಚ್ಚಿದ ಜಾಗದಲ್ಲಿ ರಕ್ತ ಒಳಗೇ ಕಟ್ಟಿಕೊಳ್ಳಬಹುದು.

ಕುಡಿಯುವುದಕ್ಕೆ ಬರೀ ನೀರು ಸಾಲದು. ಒಆರ್‌ಎಸ್‌ನಂಥ ಉಪ್ಪು, ಸಕ್ಕರೆ ಎರಡೂ ಇರುವ ದ್ರವ ಒಳ್ಳೆಯದು. ವಾಂತಿ ಬರುವ ಮಗುವಿಗೆ ಲೋಟ ತುಂಬಾ ಕೊಟ್ಟರೆ ಕಕ್ಕುತ್ತದೆ, ಚಮಚದಲ್ಲಿ ಎರಡು ನಿಮಿಷಕ್ಕೊಮ್ಮೆ ಹಾಕಿ. ಕೆಂಪು, ಕಂದು ಬಣ್ಣದ ಪಾನೀಯ ಕೊಡದಿದ್ದರೆ ಒಳ್ಳೆಯದು. ವಾಂತಿಯಲ್ಲಿ ಬಂದದ್ದು ರಕ್ತವೋ ಪಾನೀಯವೋ ಎಂದು ಆಮೇಲೆ ಗೊತ್ತಾಗುವುದಿಲ್ಲ. ಸಾಕಷ್ಟು ಕುಡಿಯುತ್ತಿದ್ದಾರಾ ಎಂದು ತಿಳಿಯಲು ಮೂತ್ರದ ಲೆಕ್ಕವೇ ನಂಬಿಕೆಯ ಅಳತೆ. ನಾಲ್ಕರಿಂದ ಆರು ಗಂಟೆಗೆ ಒಮ್ಮೆಯಾದರೂ ಹೋಗಬೇಕು. ಒಂದು ಹಾಳೆಯಲ್ಲಿ ಜ್ವರ ಎಷ್ಟು, ಏನು ಕುಡಿದರು, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದರು ಬರೆದಿಡಿ. ಆಸ್ಪತ್ರೆಗೆ ಹೋದರೆ ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ತಡಮಾಡದೆ ಆಸ್ಪತ್ರೆಗೆ ಯಾವಾಗ?

ಬಿಡದ ಹೊಟ್ಟೆನೋವು. ನಿಲ್ಲದ ವಾಂತಿ. ಒಸಡಿನಿಂದ, ಮೂಗಿನಿಂದ ರಕ್ತ, ವಾಂತಿಯಲ್ಲಿ ರಕ್ತ, ಕಪ್ಪು ಮಲ, ಮುಟ್ಟಿನ ಸ್ರಾವ ವಿಪರೀತವಾಗುವುದು. ಮಂಕಾಗಿ ಮಲಗಿಬಿಡುವುದು, ಇಲ್ಲವೇ ಕಾರಣವಿಲ್ಲದೆ ಚಡಪಡಿಸುವುದು. ತಣ್ಣನೆಯ ಕೈಕಾಲು, ಎದ್ದು ನಿಂತರೆ ತಲೆ ತಿರುಗುವುದು, ಏದುಸಿರು, ಆರು ಗಂಟೆಗಳ ಕಾಲ ಮೂತ್ರ ಆಗದಿರುವುದು. ಇವುಗಳಲ್ಲಿ ಒಂದೇ ಒಂದು ಕಂಡರೂ ಹೊರಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಬೆಳಗಾಗಲಿ ಎನ್ನಬೇಡಿ. ಜ್ವರ ಇಲ್ಲ ಅನ್ನುವುದು ಕಾಯಲು ಕಾರಣ ಅಲ್ಲ.

ಒಂದು ವರ್ಷದೊಳಗಿನ ಕೂಸು, ಬಸುರಿ, ವಯಸ್ಸಾದವರು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಈ ಗುರುತುಗಳಿಗೆ ಕಾಯದೆ ಮೊದಲೇ ವೈದ್ಯರ ಕಣ್ಣಳತೆಯಲ್ಲಿ ಇರಬೇಕು.

ಒಮ್ಮೆ ಬಂದವರಿಗೆ ಮತ್ತೆ ಬರುತ್ತದಾ?

ಬರುತ್ತದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ಬಹುಕಾಲ ರಕ್ಷಣೆ ಇರುತ್ತದೆ, ಉಳಿದ ಮೂರರ ವಿರುದ್ಧ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೆ ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಮಣಿಸಲಾರವು. ಕಳ್ಳನ ಕೈಹಿಡಿದ ಕಾವಲುಗಾರನೇ ಅವನನ್ನು ಮನೆಯೊಳಗೆ ಕರೆತಂದ ಹಾಗೆ, ವೈರಸ್ ಅವುಗಳ ಜೊತೆಗೇ ಜೀವಕೋಶದೊಳಗೆ ನುಗ್ಗುತ್ತದೆ.

ಕ್ಯೂಬಾದಲ್ಲಿ ಇದು ಬಹಳ ಕೆಟ್ಟದಾಗಿ ಕಂಡಿತು. 1977ರಲ್ಲಿ ಅಲ್ಲಿ ಒಂದನೇ ಬಗೆ ಹರಡಿತ್ತು, ಹೆಚ್ಚಿನವರಿಗೆ ಸಾಧಾರಣ ಜ್ವರ. 1981ರಲ್ಲಿ ಎರಡನೇ ಬಗೆ ಬಂತು. ಸುಮಾರು 3 ಲಕ್ಷ 44 ಸಾವಿರ ಜನ ಕಾಯಿಲೆ ಬಿದ್ದರು, 158 ಮಂದಿ ತೀರಿಕೊಂಡರು, ಅವರಲ್ಲಿ 101 ಮಕ್ಕಳು. ಜೋರಾದ ಕಾಯಿಲೆಗೆ ಬಿದ್ದವರಲ್ಲಿ ಬಹುಪಾಲು ಮೊದಲೇ ಒಮ್ಮೆ ಸೋಂಕು ತಗುಲಿದ್ದವರು. ಹಾಗಾಗಿ ಹಿಂದೆ ಡೆಂಗಿ ಬಂದಿತ್ತು ಅನ್ನುವುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಲಸಿಕೆ ತಯಾರಿಸುವುದು ಇಷ್ಟು ಕಷ್ಟವಾಗಿರುವುದೂ ಇದೇ ಕಾರಣಕ್ಕೆ, ನಾಲ್ಕೂ ಬಗೆಗೆ ಒಟ್ಟಿಗೆ ರಕ್ಷಣೆ ಕೊಡಬೇಕು. ಕ್ಯುಡೆಂಗಾ ಎಂಬ ಎರಡು ಡೋಸಿನ ಲಸಿಕೆಯನ್ನು ಡೆಂಗಿ ತುಂಬ ಹರಡಿರುವ ಕಡೆ 6ರಿಂದ 16 ವರ್ಷದ ಮಕ್ಕಳಿಗೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಲಸಿಕೆ ಸಿಗುವ ಕಡೆಯೂ ಸೊಳ್ಳೆಯ ಕಾಟ ತಪ್ಪಿಸುವ ಕೆಲಸ ಉಳಿಯುತ್ತದೆ.

ವಾರಕ್ಕೊಂದು ಸಲ, ಅರ್ಧ ಗಂಟೆ

ನಮ್ಮ ಮನೆಯ ಫ್ರಿಜ್ಜಿನ ಹಿಂದೆ ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ ಇದೆ. ಕರಗಿದ ನೀರು ಅದರಲ್ಲಿ ಬಂದು ಬೀಳುತ್ತದೆ. ಎರಡು ವರ್ಷ ಅದು ಅಲ್ಲಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಬೆರಳು ಮುಳುಗದಷ್ಟು ನೀರಿನಲ್ಲಿ ಹತ್ತಿಪ್ಪತ್ತು ಮರಿಹುಳ. ತಲೆ ಕೆಳಗೆ, ಬಾಲ ಮೇಲೆ ಮಾಡಿ ನೀರಿನ ಮೇಲ್ಮೈಗೆ ನೇತುಬಿದ್ದಿದ್ದವು. ಕೈಯ ನೆರಳು ಬಿದ್ದ ಕೂಡಲೇ ಎಸ್ ಆಕಾರದಲ್ಲಿ ಕುಣಿಯುತ್ತಾ ತಳಕ್ಕೆ ಇಳಿದವು. ಸ್ವಲ್ಪ ಹೊತ್ತು ಬಿಟ್ಟು ಒಂದೊಂದೇ ಮೇಲೆ ಬಂದವು. ಬಾಲದ ತುದಿಯಿಂದ ಉಸಿರಾಡುವುದಕ್ಕೆ ಅವು ಮೇಲೆ ಬರಲೇಬೇಕು. ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ತಟ್ಟೆಯ ಗೋಡೆಗೆ ಕರಿ ಚುಕ್ಕೆಗಳು ಅಂಟಿದ್ದವು. ಅವು ಮೊಟ್ಟೆ.

ಮೊಟ್ಟೆ ಇಡುವ ಈ ಜಾಗದಿಂದಲೇ ನಾವು ಏನು ಮಾಡಬೇಕು ಅನ್ನುವುದು ತಿಳಿಯುತ್ತದೆ. ಮೊಟ್ಟೆ ಗೋಡೆಗೆ ಗೋಂದಿನಂತೆ ಅಂಟಿರುತ್ತದೆ. ನೀರು ಚೆಲ್ಲಿದರೆ ಮರಿಹುಳ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರಬಲ್ಲದು. ಮುಂದಿನ ಮಳೆಯಲ್ಲಿ ನೀರು ಏರಿ ಅದನ್ನು ಮುಟ್ಟಿದರೆ ಒಡೆದು ಹುಳ ಹೊರಬರುತ್ತದೆ. ಆದ್ದರಿಂದ ನೀರು ಚೆಲ್ಲಿದ ಮೇಲೆ ಗೋಡೆಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಬೇಕು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ಚೆಲ್ಲಿ ಉಜ್ಜಿದರೆ ಹುಳ ಸೊಳ್ಳೆಯಾಗುವ ಮುಂಚೆಯೇ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ಒಂದು ತಲೆಮಾರು ಹಾರಿ ಹೋಗಿರುತ್ತದೆ. ಒಂದು ದಿನ ಗೊತ್ತು ಮಾಡಿಕೊಳ್ಳಿ. ಫ್ರಿಜ್ಜಿನ ತಟ್ಟೆ, ಕೂಲರ್, ಹೂಕುಂಡದ ತಟ್ಟೆ, ನೀರಲ್ಲಿ ಬೆಳೆಸುವ ಗಿಡದ ಬಾಟಲಿ, ಹಕ್ಕಿಗೆ ಇಟ್ಟ ನೀರಿನ ಬಟ್ಟಲು, ಬಳಸದ ಬಾತ್‌ರೂಮಿನ ಕಮೋಡು, ಮಳೆನೀರಿನ ದೋಣಿಪೈಪಿನಲ್ಲಿ ಎಲೆ ಕಟ್ಟಿಕೊಂಡ ಜಾಗ. ಚೆಲ್ಲಲಾಗದ ಟ್ಯಾಂಕಿಗೆ ಸೊಳ್ಳೆ ನುಸುಳದಷ್ಟು ಬಿಗಿಯಾದ ಮುಚ್ಚಳ ಅಥವಾ ಬಲೆ. ಮಕ್ಕಳ ಕೈಗೆ ಟಾರ್ಚ್ ಕೊಟ್ಟು ನೋಡಿ, ದೊಡ್ಡವರ ಕಣ್ಣಿಗೆ ಬೀಳದ್ದು ಅವರಿಗೆ ಸಿಗುತ್ತದೆ.

ಈಡಿಸ್ ದೂರ ಹಾರುವ ಸೊಳ್ಳೆಯಲ್ಲ, ಹುಟ್ಟಿದ ಜಾಗದ ಸುತ್ತ ನೂರಿನ್ನೂರು ಮೀಟರಿನೊಳಗೇ ಹೆಚ್ಚಾಗಿ ಬದುಕು ಮುಗಿಸುತ್ತದೆ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಆಗಿರುತ್ತದೆ. ಬೀದಿಯಲ್ಲಿ ಹೊಗೆ ಹೊಡೆಸಿದರೆ ಆ ಹೊತ್ತು ಹಾರಾಡುವ ಸೊಳ್ಳೆ ಮಾತ್ರ ಸಾಯುತ್ತದೆ. ಮನೆಯೊಳಗೆ ಮಂಚದ ಕೆಳಗೆ, ಬಟ್ಟೆಗಳ ಹಿಂದೆ ಕೂತದ್ದು ಉಳಿಯುತ್ತದೆ, ನೀರಿನಲ್ಲಿರುವ ಹುಳಕ್ಕಂತೂ ಏನೂ ಆಗುವುದಿಲ್ಲ.

ಮೈಗೆ ಹಚ್ಚುವ ಕ್ರೀಮಿನಲ್ಲಿ ಡೀಟ್, ಪಿಕಾರಿಡಿನ್ ಅಥವಾ ಐಆರ್3535 ಇದೆಯೇ ನೋಡಿ ಕೊಳ್ಳಿ. ಎರಡು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ, ಪರದೆ ಸಾಕು. ಕಿಟಕಿಗೆ ಬಲೆ, ಮಕ್ಕಳಿಗೆ ಕೈಕಾಲು ಮುಚ್ಚುವ ತಿಳಿ ಬಣ್ಣದ ಬಟ್ಟೆ.

ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂದಿದ್ದರೆ ಪರದೆ ಮೊದಲು ಬೇಕಾಗಿರುವುದು ಅವರಿಗೇ. ಜ್ವರದ ದಿನಗಳಲ್ಲಿ ಅವರ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಅವರನ್ನು ಕಚ್ಚಿದ ಸೊಳ್ಳೆ ಸುಮಾರು 8ರಿಂದ 12 ದಿನದಲ್ಲಿ ವೈರಸ್ ಹರಡಲು ತಯಾರಾಗುತ್ತದೆ, ಆಮೇಲೆ ಸಾಯುವವರೆಗೂ ಹರಡುತ್ತಲೇ ಇರುತ್ತದೆ. ತಮ್ಮನಿಗೆ ಬಂದು ಎರಡು ಮೂರು ವಾರಕ್ಕೆ ಅಕ್ಕನಿಗೂ ಜ್ವರ ಬರುವುದು ಹೀಗೆ. ಜ್ವರ ಶುರುವಾದ ದಿನದಿಂದ ಒಂದು ವಾರ, ಹಗಲೂ ರಾತ್ರಿಯೂ, ರೋಗಿ ಮಲಗಿದ ಹಾಸಿಗೆಯ ಸುತ್ತ ಪರದೆಯ ಅಂಚನ್ನು ಒಳಗೆ ಮಡಚಿ ಸಿಕ್ಕಿಸಿಡಿ.